ದಕ್ಷಿಣ ಬೆಂಗಳೂರಿನ ಕೆರೆಗಳು ಮತ್ತು ಆರ್ಕ್‌ಟಿಕ್ ವಲಸೆ ಹಕ್ಕಿಗಳು

ಉತ್ತರ ಧ್ರುವ ಸೀಮೆಯ ತಂಡ್ರಾ ಬಯಲಿನಲ್ಲೂ ಅದರಂಚಿನ ಜೌಗು ಕಾಡುಗಳಲ್ಲೂ ಮರಿಮಾಡಿ, ಚಳಿಗಾಲ ಕಳೆಯಲು ದಕ್ಷಿಣ ಭಾರತಕ್ಕೆ ಬರುವ ಹಕ್ಕಿಗಳಿಗೆ ಬೆಂಗಳೂರಿನ ಕೆರೆಗಳು ಹಳೆಯ ತಂಗುದಾಣ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಸುತ್ತಲಿನ ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು ಕೆರೆಗಳನ್ನು ಈ ಲೇಖನದಲ್ಲಿ ದಕ್ಷಿಣ ಬೆಂಗಳೂರಿನ ಕೆರೆಗಳೆಂದು ಕರೆದಿದೆ. ರಾಮನಗರಕ್ಕೆ 2025ರಲ್ಲಿ ಇಟ್ಟ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.

ಹಕ್ಕಿಗಳು

ಆರ್ಕ್‌ಟಿಕ್ ಎಂದೊಡನೆ ಹಿಮಕರಡಿ ನೆನಪಾಗುತ್ತದೆ. ಕರ್ನಾಟಕಕ್ಕೆ ಆ ಸೀಮೆಯಿಂದ ನಿಜವಾಗಿ ಬಂದುಹೋಗುವ ಜೀವಿಗಳು ತೀರ ಚಿಕ್ಕವು. ಹಕ್ಕಿವೀಕ್ಷಕರು ಲಿಟಲ್ ಸ್ಟಿಂಟ್ ಎನ್ನುವ ಹಕ್ಕಿ ಗುಬ್ಬಚ್ಚಿಗಿಂತ ದಪ್ಪವಿರುವುದಿಲ್ಲ. ತೂಕ ಇಪ್ಪತ್ತರಿಂದ ಮೂವತ್ತು ಗ್ರಾಂ. ಕಾಲು ಕಪ್ಪು, ಕೊಕ್ಕು ನೇರ ಮತ್ತು ಗಿಡ್ಡ, ಹೊಟ್ಟೆ ಬಿಳಿ. ಕಾಲು ಹಳದಿಯಾಗಿದ್ದು ಎದೆ ಕಂದಿದ್ದರೆ ಅದು ಟೆಮಿಂಕ್ಸ್ ಸ್ಟಿಂಟ್. ಕೆಸರಿನ ಮೇಲೆ ತಲೆತಗ್ಗಿಸಿ ಓಡುತ್ತ, ನಿಲ್ಲದೆ ಕುಕ್ಕುತ್ತ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನು ಆರಿಸಿಕೊಳ್ಳುವುದು ಇವೆರಡರ ಕೆಲಸ. ಲಿಟಲ್ ಸ್ಟಿಂಟ್ ಉತ್ತರ ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾದವರೆಗೆ ಮರಿಮಾಡುತ್ತದೆ. ಒಂದು ಗೂಡಿಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಹೆಣ್ಣು ಕೆಲವೊಮ್ಮೆ ಎರಡು ಗೂಡಿನಲ್ಲಿಟ್ಟು, ಒಂದನ್ನು ಗಂಡಿಗೆ ಒಪ್ಪಿಸಿ ಇನ್ನೊಂದಕ್ಕೆ ತಾನು ಕಾವು ಕೊಡುವುದುಂಟು. ಸೈಬೀರಿಯಾದ ತೈಮಿರ್ ಪರ್ಯಾಯದ್ವೀಪದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ ಆರು ಸಾವಿರ ಕಿಲೋಮೀಟರಿಗಿಂತ ಹೆಚ್ಚು.

ವುಡ್ ಸ್ಯಾಂಡ್‌ಪೈಪರ್ ಮುಂತಾದ ಗದ್ದೆಗೊರವಗಳು, ಸೂಜಿಬಾಲದ ಬಾತು, ಹಳದಿ ಸಿಪಿಲೆಯ ಒಂದು ಉಪಜಾತಿ ಇವೂ ಬಡಗಣ ಸೀಮೆಯಿಂದ ಬರುವಂಥವು. ಸೆಪ್ಟೆಂಬರ್ ಹೊತ್ತಿಗೆ ಇಳಿಯತೊಡಗಿ ಏಪ್ರಿಲ್ ಒಳಗೆ ಹೆಚ್ಚಿನವು ಹೊರಡುತ್ತವೆ. ಇವುಗಳ ದಾರಿಗೆ ಮಧ್ಯ ಏಷ್ಯಾ ವಲಸೆ ಮಾರ್ಗವೆಂದು ಹೆಸರು. ಸುಮಾರು 30 ದೇಶಗಳು ಅದರಲ್ಲಿ ಬರುತ್ತವೆ. ಭಾರತ 2018ರಲ್ಲಿ ಇದಕ್ಕೆ ರಾಷ್ಟ್ರೀಯ ಕ್ರಿಯಾಯೋಜನೆ ರೂಪಿಸಿತು. ವಲಸೆ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದ 13ನೆಯ ಸಮಾವೇಶ 2020ರ ಫೆಬ್ರವರಿಯಲ್ಲಿ ಗಾಂಧಿನಗರದಲ್ಲಿ ನಡೆಯಿತು.

ಬಿಸಿಯಾಗುತ್ತಿರುವ ತವರು

1979ರಿಂದೀಚೆಗೆ ಆರ್ಕ್‌ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಂಡ್ರಾದಲ್ಲಿ ಹಿಮ ಕರಗುತ್ತಲೇ ಕೀಟಗಳು ಏಳುತ್ತವೆ. ಮರಿಗಳು ಮೊಟ್ಟೆಯೊಡೆದ ದಿನದಿಂದಲೇ ತಮ್ಮ ಆಹಾರ ತಾವೇ ಹುಡುಕಿಕೊಳ್ಳುವುದರಿಂದ ಆ ಕೆಲವೇ ವಾರಗಳ ಕೀಟಸುಗ್ಗಿ ತಪ್ಪಿದರೆ ಬೆಳೆಯುವಂತಿಲ್ಲ. ಹಿಮ ಬೇಗ ಕರಗಿದರೆ ಸುಗ್ಗಿಯೂ ಬೇಗ ಮುಗಿಯುತ್ತದೆ. ಬೆಂಗಳೂರಿನ ಕೆರೆಯಂಚಿನಲ್ಲಿರುವ ಹಕ್ಕಿಗೆ ಈ ಸುದ್ದಿ ಮುಟ್ಟುವ ದಾರಿಯಿಲ್ಲ. ಅದು ಹೊರಡುವುದು ಹಗಲಿನ ಉದ್ದ ನೋಡಿ. ತೈಮಿರ್‌ನಲ್ಲಿ ಮರಿಮಾಡಿ ಪಶ್ಚಿಮ ಆಫ್ರಿಕದ ಮಾರಿಟೇನಿಯಾಕ್ಕೆ ಹೋಗುವ ರೆಡ್ ನಾಟ್ ಹಕ್ಕಿಯ ಮರಿಗಳು ಹಿಮ ಬೇಗ ಕರಗಿದ ವರ್ಷಗಳಲ್ಲಿ ಗಾತ್ರದಲ್ಲಿ ಕುಗ್ಗಿರುವುದನ್ನು 2016ರಲ್ಲಿ ವಿಜ್ಞಾನಿಗಳು ವರದಿಮಾಡಿದರು. ಕೊಕ್ಕು ಗಿಡ್ಡವಾದ್ದರಿಂದ ಚಳಿಗಾಲದ ನೆಲೆಯಲ್ಲಿ ಮರಳೊಳಗೆ ಆಳದಲ್ಲಿರುವ ಚಿಪ್ಪುಜೀವಿ ಅವಕ್ಕೆ ಎಟುಕಲಿಲ್ಲ, ಹೆಚ್ಚು ಸತ್ತವು. ಆರ್ಕ್‌ಟಿಕ್‌ನ ಪೆಟ್ಟು ಬಿದ್ದದ್ದು ಉಷ್ಣವಲಯದ ದಡದಲ್ಲಿ.

ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2023ರ ವರದಿಯ ಪ್ರಕಾರ, ಇಲ್ಲಿಗೆ ಬರುವ ದೂರಪ್ರಯಾಣದ ವಲಸೆ ಹಕ್ಕಿಗಳು ಸರಾಸರಿ ಅರ್ಧಕ್ಕಿಂತ ಹೆಚ್ಚು ಇಳಿದಿವೆ. ಅವುಗಳಲ್ಲೂ ಆರ್ಕ್‌ಟಿಕ್‌ನಲ್ಲಿ ಮರಿಮಾಡುವ ದಡದ ಹಕ್ಕಿಗಳ ಇಳಿಕೆ ಶೇ 80ರ ಹತ್ತಿರ. ತಂಡ್ರಾದ ಬಿಸಿಯೊಂದನ್ನೇ ಇದಕ್ಕೆ ಹೊಣೆ ಮಾಡುವುದು ಸರಿಯಲ್ಲ. ಹಕ್ಕಿ ವರ್ಷದ ಹೆಚ್ಚು ಕಾಲ ಕಳೆಯುವುದು ದಾರಿಯಲ್ಲಿ ಮತ್ತು ಚಳಿಗಾಲದ ನೆಲೆಯಲ್ಲಿ.

ಕೆರೆಯ ಕೆಸರು

ಈ ನೆಲೆಯಲ್ಲಿ ಏನು ಬದಲಾಯಿತು ಎಂಬುದು ಕೆರೆಗಳ ಕಥೆಯಲ್ಲಿದೆ. ಬೆಂಗಳೂರಿನ ಕೆರೆಗಳು ಬೇಸಾಯಕ್ಕೆ ಕಟ್ಟಿದವು. ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ತುಂಬಿ ಕೋಡಿ ಹರಿಯುತ್ತಿದ್ದವು. ಆಮೇಲೆ ನೀರಗಂಟಿ ತೂಬೆತ್ತಿ ಅಚ್ಚುಕಟ್ಟಿಗೆ ನೀರು ಬಿಟ್ಟಂತೆಲ್ಲ ಮಟ್ಟ ಇಳಿದು, ಏರಿಯ ಎದುರು ಬದಿಯ ಅಂಗಳದಲ್ಲಿ ಹಸಿ ಕೆಸರು ತೆರೆದುಕೊಳ್ಳುತ್ತಿತ್ತು. ಡಿಸೆಂಬರಿನಿಂದ ಮಾರ್ಚಿವರೆಗೆ ದಿನಕ್ಕೊಂದಿಷ್ಟು ಹೊಸ ಕೆಸರು, ಅದರಲ್ಲಿ ಹೊಸ ಹುಳು. ಸ್ಟಿಂಟಿನ ಕಾಲಿಗೆ ಬೇಕಾದ್ದು ಒಂದೆರಡು ಸೆಂಟಿಮೀಟರ್ ನೀರು. ಬೇಸಾಯ ಅದನ್ನು ತಾನಾಗಿ ಒದಗಿಸುತ್ತಿತ್ತು.

ಅಚ್ಚುಕಟ್ಟು ಬಡಾವಣೆಯಾದ ಮೇಲೆ ತೂಬಿಗೆ ಕೆಲಸವಿಲ್ಲ. ರಾಜಕಾಲುವೆಯಲ್ಲಿ ವರ್ಷವಿಡೀ ಕೊಳಚೆ ಅಥವಾ ಸಂಸ್ಕರಿಸಿದ ನೀರು ಬರುವುದರಿಂದ ಅನೇಕ ಕೆರೆಗಳು ಬೇಸಿಗೆಯಲ್ಲೂ ಅಂಚುಮುಟ್ಟ ತುಂಬಿರುತ್ತವೆ. ಪುನರುಜ್ಜೀವನದ ಕಾಮಗಾರಿ ಬಂತೆಂದರೆ ಹೂಳೆತ್ತುವುದು, ಸುತ್ತ ಕಡಿದಾದ ಕಲ್ಲುಗೋಡೆ, ಅದರ ಮೇಲೆ ನಡಿಗೆಪಥ, ನಡುವೆ ಒಂದು ದ್ವೀಪ. ಪರಿಸರಾಸಕ್ತರು ಇದನ್ನು ಸೂಪ್ ಬಟ್ಟಲು ಎಂದು ಗೇಲಿಮಾಡುವುದು ಸುಮ್ಮನೆ ಅಲ್ಲ. ಇಂಥ ಆಳದ ಕೆರೆ ಮೀನು ಹಿಡಿಯುವ ನೀರುಕಾಗೆ, ಹೆಜ್ಜಾರ್ಲೆಗಳಿಗೆ ಒಗ್ಗುತ್ತದೆ. ಹೆಜ್ಜಾರ್ಲೆಗಳ ಚಿತ್ರ ಪತ್ರಿಕೆಯಲ್ಲಿ ಬಂದು ಕೆರೆಗೆ ಹಕ್ಕಿಗಳು ಮರಳಿದವು ಎಂಬ ಸಂತೋಷವೂ ಆಗುತ್ತದೆ. ಕೆಸರಿನ ಹಕ್ಕಿಗಳು ಮರಳಿರುವುದಿಲ್ಲ.

ಕೆಲವು ಕೆರೆಗಳು

ಬಿಟಿಎಂ ಲೇಔಟಿಗೆ ಅಂಟಿದ ಮಡಿವಾಳ ಕೆರೆ ಸುಮಾರು 270 ಎಕರೆಯದು. ನಗರದ ದೊಡ್ಡ ಕೆರೆಗಳಲ್ಲೊಂದು. ವಿಸ್ತಾರವಿರುವುದರಿಂದ ಅಂಚಿನ ಒಂದು ಭಾಗವನ್ನಾದರೂ ತೆಳುನೀರಾಗಿ ಬಿಡುವ ಅವಕಾಶ ಈ ಭಾಗದಲ್ಲಿ ಹೆಚ್ಚಾಗಿ ಇರುವುದು ಇಲ್ಲೇ. ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿಯನ್ನು ಜಿಲ್ಲಾಡಳಿತ 2015ರ ಏಪ್ರಿಲ್‌ನಲ್ಲಿ ತೆರವುಮಾಡಿತು. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ 13 ಎಕರೆಯಷ್ಟು ಚಿಕ್ಕದು. ಯಲಹಂಕದ ಪುಟ್ಟೇನಹಳ್ಳಿ ಪಕ್ಷಿ ಮೀಸಲಿನೊಂದಿಗೆ ಇದನ್ನು ಬೆರೆಸಬಾರದು. ನೆರೆಹೊರೆಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿ, ಆಗಿನ ಬಿಬಿಎಂಪಿಯೊಂದಿಗೆ ಒಪ್ಪಂದ ಮಾಡಿಕೊಂಡು ಕೆರೆಯನ್ನು ನೋಡಿಕೊಳ್ಳುತ್ತ ಬಂದದ್ದು ನಗರಕ್ಕೆ ಮೊದಲ ಮಾದರಿಗಳಲ್ಲೊಂದಾಯಿತು. ಒಳಹರಿವು ಮುಚ್ಚಿಹೋಗಿದ್ದ ಈ ಕೆರೆಗೆ ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರು ಆಧಾರ. ಯಡಿಯೂರು ಕೆರೆ ಈಗ ಪೂರ್ತಿ ಉದ್ಯಾನದ ಕೆರೆ. ವಲಸೆ ಹಕ್ಕಿಯ ದೃಷ್ಟಿಯಿಂದ ಅಲ್ಲಿ ಹೆಚ್ಚೇನೂ ಇಲ್ಲ.

ಎಣಿಕೆ ಮತ್ತು ಕಾನೂನು

ಕೆರೆಗಳನ್ನು ಒಡೆಯದೆ ಉಳಿಸಬೇಕೆಂದು ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ಸರ್ಕಾರಕ್ಕೆ ಹೇಳಿತ್ತು. ಅದೇ ದಶಕದ ಕೊನೆಯಲ್ಲಿ, ಏಷ್ಯಾದ ನೀರುಹಕ್ಕಿ ಗಣತಿ 1987ರಲ್ಲಿ ಶುರುವಾದಾಗ, ಬೆಂಗಳೂರಿನ ಹವ್ಯಾಸಿ ಪಕ್ಷಿವೀಕ್ಷಕರು ಜನವರಿಯಲ್ಲಿ ಕೆರೆಕೆರೆ ಸುತ್ತಿ ಎಣಿಸತೊಡಗಿದರು. ಎಂ.ಬಿ. ಕೃಷ್ಣ, ಬಿ.ಕೆ. ಚಕ್ರಪಾಣಿ, ಟಿ.ಎಸ್. ಶ್ರೀನಿವಾಸ ಅವರು ಬೆಂಗಳೂರಿನ ನೀರುಹಕ್ಕಿ ಮತ್ತು ಜೌಗುನೆಲೆಗಳ ಬಗ್ಗೆ ಸಿದ್ಧಪಡಿಸಿ 1996ರಲ್ಲಿ ಪ್ರಕಟವಾದ ವರದಿ ಇಂದಿನ ಸ್ಥಿತಿಯನ್ನು ಅಳೆಯಲು ಸಿಗುವ ಒಳ್ಳೆಯ ಆಧಾರ.

ಕೆರೆಯ ಸುತ್ತ 75 ಮೀಟರ್ ಕಟ್ಟಡಮುಕ್ತ ಅಂಚು ಇರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇನಲ್ಲಿ ಆದೇಶಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಕರ್ನಾಟಕದಲ್ಲಿ ರಂಗನತಿಟ್ಟು 2022ರಲ್ಲೂ, ಅಘನಾಶಿನಿ ಅಳಿವೆ, ಮಾಗಡಿ ಕೆರೆ, ಅಂಕಸಮುದ್ರ 2024ರಲ್ಲೂ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿ ಸೇರಿವೆ. ಸಮುದ್ರದ ದಡ ಹಿಡಿದು ಬರುವ ಹಕ್ಕಿಗಳಿಗೆ ಅಘನಾಶಿನಿಯ ಕೆಸರುಬಯಲು ದೊಡ್ಡ ಆಸರೆ. ಬೆಂಗಳೂರಿನ ಯಾವ ಕೆರೆಯೂ ಆ ಪಟ್ಟಿಯಲ್ಲಿಲ್ಲ.

ಆಗಬೇಕಾದದ್ದು

ತಂಡ್ರಾದ ಹಿಮವನ್ನು ಜಯನಗರದವರು ಹಿಡಿದಿಡಲಾರರು. ಕೆರೆಯ ಒಂದು ಬದಿಗೆ ಗೋಡೆ ಕಟ್ಟದೆ ಇಳಿಜಾರಾಗಿ ಬಿಡುವುದು, ಜನವರಿಯಿಂದ ಮಾರ್ಚಿವರೆಗೆ ನೀರಿನ ಮಟ್ಟವನ್ನು ತುಸು ಇಳಿಸುವುದು, ಆ ಬದಿಗೆ ರಾತ್ರಿ ದೀಪವನ್ನೂ ಬೀದಿನಾಯಿಗಳನ್ನೂ ಬಿಡದಿರುವುದು ಮಾತ್ರ ಇಲ್ಲಿಯವರ ಕೈಯಲ್ಲೇ ಇದೆ. ಹೊಸ ಯಂತ್ರವೇನೂ ಬೇಡ. ತೂಬು ದುರಸ್ತಿಯಾಗಿ ಅದನ್ನೆತ್ತಲು ಒಬ್ಬರು ಇದ್ದರೆ ಸಾಕು. ಕೆಸರು ಕಂಡರೆ ಕೆರೆ ಕೊಳಕಾಯಿತೆಂದು ದೂರು ಕೊಡುವ ಅಭ್ಯಾಸವನ್ನು ನಡಿಗೆಗೆ ಬರುವವರು ಬಿಡಬೇಕು. ನಿಮ್ಮ ಬಡಾವಣೆಯ ಕೆರೆಗೆ ಕಾಮಗಾರಿ ಮಂಜೂರಾದಾಗ ವಾರ್ಡ್ ಸಭೆಗೆ ಹೋಗಿ ನಕ್ಷೆ ಕೇಳಿ. ನಡಿಗೆಪಥದ ಉದ್ದ ನೋಡುವ ಮೊದಲು ತೆಳುನೀರಿಗೆ ಎಷ್ಟು ಗುಂಟೆ ಜಾಗ ಬಿಟ್ಟಿದ್ದಾರೆ ನೋಡಿ.