ಸಾಲಕ್ಕೆ ಜೈಲು ಸೇರಿದ ಸುಪ್ರೀಂ ಕೋರ್ಟ್ ಜಡ್ಜ್ | ಹಳೇ ಅಮೆರಿಕದ ಜಡ್ಜ್‌ಗಳು, ಭಾಗ 3
ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರು ಸಾಲ ಕೊಟ್ಟವರಿಂದ ತಪ್ಪಿಸ್ಕೊಂಡು ಊರೂರು ಅಲೆದಿದ್ದು ಕೇಳಿದೀರಾ? ಅದೂ ಹುದ್ದೆಯಲ್ಲಿ ಇರುವಾಗಲೇ! ಜೇಮ್ಸ್ ವಿಲ್ಸನ್ ಕಥೆ ಇದು.

ಹುಟ್ಟಿದ್ದು 1742ರಲ್ಲಿ, ಸ್ಕಾಟ್ಲೆಂಡ್‌ನ ರೈತ ಕುಟುಂಬದಲ್ಲಿ. ಫಿಲಡೆಲ್ಫಿಯಾಗೆ ಬಂದು ವಕೀಲರಾದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆ, ಸಂವಿಧಾನ ಎರಡಕ್ಕೂ ಸಹಿ ಹಾಕಿದವರು ಆರೇ ಜನ, ಅವರಲ್ಲಿ ಇವರೂ ಒಬ್ಬರು. (ಜನಸಂಖ್ಯೆ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲು ಅಂತ ಎಣಿಸುವ ಪ್ರಸ್ತಾಪವನ್ನು 1787ರಲ್ಲಿ ಸಂವಿಧಾನ ಸಭೆಯ ಮುಂದಿಟ್ಟವರೂ ಇವರೇ. ಅದನ್ನ ಬಿಟ್ಟು ಬರೀ ಹೊಗಳೋಕಾಗಲ್ಲ.) 1789ರಲ್ಲಿ ‘ನನ್ನನ್ನೇ ಮುಖ್ಯ ನ್ಯಾಯಮೂರ್ತಿ ಮಾಡಿ’ ಅನ್ನೋ ಅರ್ಥದಲ್ಲಿ ನೇರವಾಗಿ ವಾಷಿಂಗ್ಟನ್‌ಗೇ ಪತ್ರ ಬರೆದರು! ಕುರ್ಚಿ ಜಾನ್ ಜೇ ಪಾಲಾಯ್ತು. ವಿಲ್ಸನ್ ಸಹ ನ್ಯಾಯಮೂರ್ತಿಯಾದರು.

ಈಗ 1793ರ ಚಿಶೋಮ್ ಕೇಸ್ ನೋಡಿ. ಸ್ವಾತಂತ್ರ್ಯ ಯುದ್ಧದ ಸಮಯದಲ್ಲಿ ಜಾರ್ಜಿಯಾ ರಾಜ್ಯ ಒಬ್ಬ ವ್ಯಾಪಾರಿಯಿಂದ ಸಾಮಾನು ತಗೊಂಡಿತ್ತು, ದುಡ್ಡು ಕೊಟ್ಟಿರಲಿಲ್ಲ. ನಾವು ಸಾರ್ವಭೌಮರು, ನಮ್ಮ ಮೇಲೆ ದಾವೆ ಹೂಡೋ ಹಾಗಿಲ್ಲ ಅನ್ನೋದು ಜಾರ್ಜಿಯಾದ ನಿಲುವು. ವಿಲ್ಸನ್ ಒಪ್ಪಲಿಲ್ಲ. ಸಾರ್ವಭೌಮತ್ವ ಇರೋದು ಜನರ ಹತ್ತಿರ. ಒಬ್ಬ ಮನುಷ್ಯ ತನ್ನ ಮಾತಿಗೆ ಬದ್ಧ ಅಂದ್ರೆ, ಮನುಷ್ಯರೇ ಸೇರಿ ಕಟ್ಟಿದ ರಾಜ್ಯ ಯಾಕೆ ಬದ್ಧ ಅಲ್ಲ? ನಾಲ್ವರು ಒಂದು ಕಡೆ, ಜೇಮ್ಸ್ ಐರೆಡೆಲ್ ಒಬ್ಬರೇ ವಿರುದ್ಧ. ರಾಜ್ಯಗಳು ಕೆರಳಿದವು. 1795ರಲ್ಲಿ ಹನ್ನೊಂದನೇ ತಿದ್ದುಪಡಿ ಬಂದು ಆ ತೀರ್ಪು ನಿಲ್ಲಲೇ ಇಲ್ಲ.

ರಾಜ್ಯವೇನೋ ಪಾರಾಯ್ತು. ಜಡ್ಜ್ ಆಗಲಿಲ್ಲ. ಬೆಲೆ ಏರುತ್ತೆ ಅಂತ ಸಾಲ ಮಾಡಿ ವಿಪರೀತ ಜಮೀನು ಕೊಂಡಿದ್ದರು. 1796-97ರಲ್ಲಿ ಮಾರುಕಟ್ಟೆ ಕುಸಿದುಬಿತ್ತು. ದಿವಾಳಿ ಕಾನೂನು ಮಾಡುವ ಅಧಿಕಾರ ಸಂವಿಧಾನದಲ್ಲೇ ಇತ್ತು, ಆದರೆ ದೇಶಕ್ಕೆಲ್ಲ ಅನ್ವಯಿಸುವ ಮೊದಲ ಕಾನೂನು ಬಂದಿದ್ದು 1800ರಲ್ಲಿ. ಅಲ್ಲಿವರೆಗೂ, ಸಾಲ ಕೊಟ್ಟವರು ಮನಸ್ಸು ಮಾಡಿದ್ರೆ ಜೈಲೇ! 1797ರಲ್ಲಿ ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಒಳಗೆ ಹೋದರು, ಮಗ ಹಣ ಹೊಂದಿಸಿ ಬಿಡಿಸಿದ. ಅಲ್ಲಿಂದ ನಾರ್ತ್ ಕ್ಯಾರೊಲಿನಾದ ಎಡೆಂಟನ್‌ಗೆ. ಅಲ್ಲೂ ಮತ್ತೆ ಜೈಲು. ಈ ಸಲ ಹಾಕಿಸಿದ್ದು ಪಿಯರ್ಸ್ ಬಟ್ಲರ್, ಸಂವಿಧಾನಕ್ಕೆ ಇವರ ಜೊತೆಗೇ ಸಹಿ ಹಾಕಿದ್ದ ಮನುಷ್ಯ. ಬಾಕಿ 1,97,000 ಡಾಲರ್.

ಹೊರಗೆ ಬಂದ ಮೇಲೆ ಮಲೇರಿಯಾ, ಆಮೇಲೆ ಪಾರ್ಶ್ವವಾಯು. 1798ರ ಆಗಸ್ಟ್ 21ರಂದು ಎಡೆಂಟನ್‌ನಲ್ಲೇ ತೀರಿಕೊಂಡರು. ವಯಸ್ಸು 55. ಆಗಲೂ ಅವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ!

ಎಡೆಂಟನ್ ಯಾರ ಊರು ಗೊತ್ತಾ? ಅದೇ ಐರೆಡೆಲ್ ಅವರದ್ದು. ವಿಲ್ಸನ್‌ರನ್ನು ಮಣ್ಣು ಮಾಡಿದ್ದು ಐರೆಡೆಲ್ ಹೆಂಡತಿಯ ಅಣ್ಣನ ಎಸ್ಟೇಟಿನಲ್ಲಿ. ಫಿಲಡೆಲ್ಫಿಯಾದವರು ಅವಶೇಷಗಳನ್ನು ವಾಪಸ್ ತಗೊಂಡು ಹೋಗಿದ್ದು 1906ರಲ್ಲಿ.

ಭಾಗ 4ರಲ್ಲಿ: 1804ರಲ್ಲಿ ಸೆನೆಟ್ ಹುದ್ದೆಯಿಂದ ಕಿತ್ತುಹಾಕಿದ ಜಾನ್ ಪಿಕರಿಂಗ್.