ನಾಲ್ಕು ಮನೆಗೆ ಒಂದು ಭಟ್ಟಿ

ನವೆಂಬರ್ ಕಳೆಯುತ್ತ ಬಂದಂತೆ ಜರ್ಮನಿಯ ಬಾಡಿಗೆ ಮನೆಗಳ ಮೆಟ್ಟಿಲುಗಳಲ್ಲಿ ಒಂದು ಪರಿಮಳ ಏಳುವುದನ್ನು ನಮ್ಮ ಸದಸ್ಯ ಬಂಧುಗಳೆಲ್ಲ ಬಲ್ಲರು. ದಾಲ್ಚಿನ್ನಿ, ಲವಂಗ, ಕಾಯುತ್ತಿರುವ ಬೆಣ್ಣೆ, ಅದರೊಳಗೆ ಎಲ್ಲೋ ಅಡಗಿಕೊಂಡ ಏಲಕ್ಕಿ. ನಾವು ಸ್ಟುಟ್‌ಗಾರ್ಟ್ ಸಮೀಪಕ್ಕೆ ಬಂದ ಮೊದಲ ವರ್ಷ, ಅಂದರೆ 1976ರಲ್ಲಿ, ಆ ಏಲಕ್ಕಿಯ ವಾಸನೆ ಮೂಗಿಗೆ ಬಡಿದಾಗ ನಾನು ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಚೀಲ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಿದ್ದೆ. ಊರಿನಲ್ಲಿ ಚೌತಿ ಮುಗಿದು ಮೂರು ತಿಂಗಳಾಗಿತ್ತು. ನಮ್ಮ ಮನೆಯಲ್ಲಿ ಹಬ್ಬವೆಂಬುದೇ ಆಗಿರಲಿಲ್ಲ. ಕೆಳಗಿನ ಮನೆಯ ಅಜ್ಜಿ ಬಾಗಿಲು ತೆರೆದು ನನ್ನನ್ನು ನೋಡಿದರು, ಏನೂ ಕೇಳದೆ ಒಳಗೆ ಕರೆದು ಕೈಗೆ ಲಟ್ಟಣಿಗೆ ಕೊಟ್ಟರು. ಅಜ್ಜಿ ಎಂದೆನಷ್ಟೆ, ಆಗ ಅವರಿಗೆ ಐವತ್ತೂ ಆಗಿರಲಿಲ್ಲವೋ ಏನೋ. ನನಗೆ ಇಪ್ಪತ್ತನಾಲ್ಕು.

ಈ ಬೇಯಿಸುವ ಹಬ್ಬದ ಹಿಂದಿನ ಚರಿತ್ರೆಯನ್ನು ಕೆದಕಬೇಕೆಂಬ ಆಸೆ ನನಗೆ ಅಂದಿನಿಂದಲೂ ಇದೆ. ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಬೆಣ್ಣೆಯ ವಿಚಾರ. ಕ್ರಿಸ್‌ಮಸ್ಸಿನ ದೊಡ್ಡ ರೊಟ್ಟಿಗೆ ಇಲ್ಲಿಯವರು ಶ್ಟೊಲೆನ್ ಎನ್ನುತ್ತಾರೆ. ಅದರ ಹೆಸರು 1329ರಷ್ಟು ಹಿಂದೆಯೇ ನೌಂಬುರ್ಗ್ ಪಟ್ಟಣದಲ್ಲಿ ಸಿಗುತ್ತದೆ. ಅಲ್ಲಿಯ ಬಿಷಪ್ಪರು ರೊಟ್ಟಿ ಸುಡುವವರ ಸಂಘಕ್ಕೆ ಸನದು ಕೊಟ್ಟಾಗ, ಪ್ರತಿ ಕ್ರಿಸ್‌ಮಸ್ಸಿಗೂ ಗೋದಿಯ ಎರಡು ಉದ್ದ ಶ್ಟೊಲೆನ್ ತಮಗೆ ಒಪ್ಪಿಸಬೇಕೆಂದು ಬರೆಸಿಕೊಂಡಿದ್ದರು. ಡ್ರೆಸ್ಡನ್ನಿನಲ್ಲಿ 1474ರ ಒಂದು ಆಸ್ಪತ್ರೆಯ ಲೆಕ್ಕಪತ್ರದಲ್ಲಿ ಅದರ ಉಲ್ಲೇಖವಿದೆ. ಆದರೆ ಆ ಕಾಲದ ಶ್ಟೊಲೆನ್ ಇಂದಿನದಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳು ಆಗ ಉಪವಾಸದ ಕಾಲ. ಹಾಲು, ಬೆಣ್ಣೆ ನಿಷಿದ್ಧ. ಹಿಟ್ಟು, ನೀರು, ಸಾಸಿವೆಯ ಜಾತಿಯ ಒಂದು ಗಿಡದಿಂದ ತೆಗೆದ ಕಮಟು ಎಣ್ಣೆ, ಇಷ್ಟರಲ್ಲೇ ರೊಟ್ಟಿ ಆಗಬೇಕು. ನಮ್ಮ ಏಕಾದಶಿಯ ಫಲಾಹಾರವೇ ಇದಕ್ಕಿಂತ ಎಷ್ಟೋ ಮೇಲು!

ಸ್ಯಾಕ್ಸನಿಯ ಅರಸರು ಪೋಪರಿಗೆ ಅರ್ಜಿ ಹಾಕಿಕೊಂಡರು. ನಮ್ಮ ನಾಡಿನಲ್ಲಿ ಆಲಿವ್ ಬೆಳೆಯುವುದಿಲ್ಲ, ಸಿಗುವ ಎಣ್ಣೆ ತಿನ್ನುವಂತಿಲ್ಲ, ಬೆಣ್ಣೆಗೆ ಅಪ್ಪಣೆ ಕೊಡಿಸಬೇಕು ಎಂದು. ಕೊನೆಗೆ 1491ರಲ್ಲಿ ಎಂಟನೆಯ ಇನ್ನೊಸೆಂಟ್ ಪೋಪರಿಂದ ಅಪ್ಪಣೆ ಬಂತು. ಅದಕ್ಕೆ ಇಂದಿಗೂ 'ಬುಟ್ಟರ್ ಬ್ರೀಫ್', ಎಂದರೆ ಬೆಣ್ಣೆಯ ಪತ್ರ, ಎಂದೇ ಹೆಸರು. ಆದರೆ ಪುಕ್ಕಟೆ ಅಲ್ಲ, ಬೆಣ್ಣೆ ತಿಂದವರು ಪ್ರಾಯಶ್ಚಿತ್ತದ ಹಣ ಕಟ್ಟಬೇಕಿತ್ತು. ಇಂಥ ಹಣದಿಂದ ಚರ್ಚುಗಳ ಕಟ್ಟಡವೂ ಏಳುತ್ತಿತ್ತು. ಈ ಬೆಣ್ಣೆ ಪರವಾನಗಿಯ ಮಾರಾಟವನ್ನು ಮಾರ್ಟಿನ್ ಲೂಥರ್ 1520ರ ತನ್ನ ಬರಹದಲ್ಲಿ ಕಟುವಾಗಿ ಖಂಡಿಸಿದ್ದಾನೆ. ಧರ್ಮಸುಧಾರಣೆಯ ಅಷ್ಟು ದೊಡ್ಡ ಗಲಾಟೆಯೊಳಗೆ ಒಂದು ಮುದ್ದೆ ಬೆಣ್ಣೆಗೂ ಜಾಗವಿತ್ತೆಂದರೆ ಅಡಿಗೆಮನೆಯವರಾದ ನಮಗೆ ಆಶ್ಚರ್ಯವೇನಿಲ್ಲ.

ಬೆಣ್ಣೆ ಒಮ್ಮೆ ಒಳಗೆ ಬಂದಮೇಲೆ ನಿಲ್ಲಲಿಲ್ಲ. ಇಂದು ಡ್ರೆಸ್ಡನ್ ಶ್ಟೊಲೆನ್ ಎಂಬ ಮುದ್ರೆ ಬೀಳಬೇಕಾದರೆ 100 ಭಾಗ ಹಿಟ್ಟಿಗೆ ಕನಿಷ್ಠ 50 ಭಾಗ ಬೆಣ್ಣೆ, 65 ಭಾಗ ಒಣದ್ರಾಕ್ಷಿ ಇರಲೇಬೇಕು. 1730ರಲ್ಲಿ ಅಗಸ್ಟಸ್ ಎಂಬ ದೊರೆ ತ್ಸೈಟ್‌ಹೈನ್ ಎಂಬಲ್ಲಿ ಸೈನ್ಯ ಸೇರಿಸಿ, ಅದಕ್ಕಾಗಿಯೇ ಒಲೆ ಕಟ್ಟಿಸಿ, ಸುಮಾರು 1.8 ಟನ್ ತೂಕದ ಶ್ಟೊಲೆನ್ ಸುಡಿಸಿದ. ಅದು ಜೂನ್ ತಿಂಗಳು! ಅರಸರಿಗೆ ಹಬ್ಬ ಯಾವಾಗ ಬೇಕಾದರೂ ಬರುತ್ತದೆ.

ಅರಸರ ಕಥೆ ಸಾಕು. ಸಾಮಾನ್ಯರ ಮನೆಯಲ್ಲಿ ನಡೆದದ್ದೇನು? ನಾವು ಬಹಳ ಜನ ತಿಳಿದಿರುವಂತೆ ಜರ್ಮನ್ ಗೃಹಿಣಿ ಅನಾದಿಕಾಲದಿಂದ ತನ್ನ ಅಡಿಗೆಮನೆಯ ಒಲೆಯಲ್ಲಿ ಬಿಸ್ಕತ್ತು ಸುಡುತ್ತ ಬಂದವಳಲ್ಲ. ಮನೆಯೊಳಗೆ ಕಬ್ಬಿಣದ ಒಲೆ, ಅದಕ್ಕೊಂದು ಗೂಡು, ಇವೆಲ್ಲ ಸಾಮಾನ್ಯರ ಕೈಗೆ ಬಂದದ್ದು 19ನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ಪಟ್ಟಣದಲ್ಲಿದ್ದವರು ಕಲಸಿದ ಹಿಟ್ಟನ್ನು ರೊಟ್ಟಿಯಂಗಡಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಹಳ್ಳಿಯಲ್ಲಿದ್ದವರಿಗೆ ಊರಿಗೊಂದು 'ಬಾಕ್‌ಹೌಸ್', ಅಂದರೆ ಭಟ್ಟಿಮನೆ.

ನಾವಿರುವ ಈ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಬೆಂಕಿಯ ಭಯಕ್ಕೂ ಕಟ್ಟಿಗೆಯ ಉಳಿತಾಯಕ್ಕೂ ಸರಕಾರವೇ ಇಂಥ ಸಾರ್ವಜನಿಕ ಭಟ್ಟಿಗಳನ್ನು ಕಟ್ಟಲು ಪ್ರೋತ್ಸಾಹಿಸಿತು. ಹಲವು ಹಳ್ಳಿಗಳಲ್ಲಿ ಅವು ಇನ್ನೂ ಹೊಗೆಯಾಡುತ್ತಿವೆ. ನೋಡದವರು ಒಮ್ಮೆ ನೋಡಬೇಕು. ಭಟ್ಟಿಯೊಳಗೇ ಕಟ್ಟಿಗೆ ಉರಿಸಿ, ಕಲ್ಲು ಕಾದಮೇಲೆ ಕೆಂಡ ಎಳೆದು, ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಾರೆ. ಮೊದಲ ಕಾವಿಗೆ ತೆಳ್ಳನೆಯ ರೊಟ್ಟಿ, ಆಮೇಲೆ ದಪ್ಪ ರೊಟ್ಟಿ, ಕಾವು ಇಳಿದಂತೆ ಸಿಹಿ, ಕಟ್ಟಕಡೆಗೆ ಉಳಿದ ಬಿಸಿಯಲ್ಲಿ ಪೇರು, ಸೇಬಿನ ಹೋಳು ಒಣಗಲು. ಹೀಗೆ ಒಣಗಿಸಿದ ಪೇರನ್ನೇ ನೆನೆಸಿ, ಹಿಟ್ಟಿಗೆ ಸೇರಿಸಿ ಕ್ರಿಸ್‌ಮಸ್ಸಿಗೆ 'ಹುಟ್ಸೆಲ್ ಬ್ರೋಟ್' ಎಂಬ ಕರಿ ರೊಟ್ಟಿ ಮಾಡುತ್ತಾರೆ. ಸಕ್ಕರೆ ಕೊಳ್ಳಲಾಗದವರ ಸಿಹಿ ಅದು.

ಈ ಭಟ್ಟಿಯ ಸರದಿಯಲ್ಲೊಂದು ಸೂಕ್ಷ್ಮವಿದೆ. ಮೊದಲು ಹೋದವರು ತಣ್ಣಗಿನ ಕಲ್ಲನ್ನು ಕಾಯಿಸಬೇಕು, ಕಟ್ಟಿಗೆ ಹೆಚ್ಚು ಬೇಕು. ಆಮೇಲೆ ಬಂದವರಿಗೆ ಮೊದಲಿನವರ ಕಾವು ಲಾಭ. ಆದ್ದರಿಂದ ಮೊದಲ ಸರದಿ ಯಾರಿಗೂ ಬೇಡ. ಜಗಳವಾಗದಿರಲೆಂದು ಅನೇಕ ಊರುಗಳಲ್ಲಿ ಚೀಟಿ ಎತ್ತುತ್ತಿದ್ದರು. ಇದನ್ನು ಮೊದಲ ಬಾರಿ ಕೇಳಿದಾಗ ನನಗೆ ನಮ್ಮ ಶಿರಸಿ ಕಡೆಯ ಚಕ್ಕುಲಿ ಕಂಬಳ ನೆನಪಾಗಿ ನಗು ಬಂತು. ಗಣೇಶನ ಹಬ್ಬಕ್ಕೆ ಮುಂಚೆ ಇಂದು ಒಬ್ಬರ ಮನೆಯಲ್ಲಿ, ನಾಳೆ ಇನ್ನೊಬ್ಬರ ಮನೆಯಲ್ಲಿ ಕೇರಿಯವರೆಲ್ಲ ಸೇರಿ, ಒರಳು ಮುಟ್ಟದೆ ಕೈಯಲ್ಲೇ ಹುರಿ ಹೊಸೆದು ಚಕ್ಕುಲಿ ಸುತ್ತುವುದು. ಸುತ್ತು ಸರಿಯಿಲ್ಲದವರನ್ನು ಹೊಗೆಯ ಪಕ್ಕಕ್ಕೆ ಕೂರಿಸುತ್ತಿದ್ದರು. ನಾನು ಬಹುಕಾಲ ಹೊಗೆಯ ಪಕ್ಕದಲ್ಲೇ ಇದ್ದೆ. ಮಂಗಳೂರು ಕಡೆಯ ನಮ್ಮ ಕ್ರೈಸ್ತ ಸದಸ್ಯರ ಮನೆಗಳಲ್ಲೂ ಹೀಗೆಯೇ. ಕ್ರಿಸ್‌ಮಸ್ಸಿನ ಕುಸ್ವಾರಿಗೆ ಮುಳ್ಳುಚಮಚದ ಬೆನ್ನ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡಲು ಚಿಕ್ಕಮಕ್ಕಳ ತನಕ ಎಲ್ಲರೂ ಕೂರಲೇಬೇಕಂತೆ.

ಇನ್ನು ಆ ಏಲಕ್ಕಿಯ ಮಾತು. ನ್ಯೂರೆಂಬರ್ಗಿನ ಲೇಬ್‌ಕೂಖೆನ್ ಎಲ್ಲರೂ ತಿಂದಿರುತ್ತೀರಿ. ಆ ಪಟ್ಟಣಕ್ಕೆ ಎರಡು ಭಾಗ್ಯಗಳಿದ್ದವು. ಸುತ್ತಲಿನ ಕಾಡಿನಲ್ಲಿ ಜೇನು, ಮತ್ತು ವೆನಿಸ್ಸಿನಿಂದ ಬರುವ ಮಸಾಲೆಯ ದಾರಿ. ಅಲ್ಲಿಯ ಲೇಬ್‌ಕೂಖೆನ್ ಮಾಡುವವರು 1643ರಲ್ಲಿ ತಮ್ಮದೇ ಪ್ರತ್ಯೇಕ ಸಂಘವಾದರು. ಇದರ ಇನ್ನೊಂದು ಹೆಸರು 'ಪ್ಫೆಫರ್‌ಕೂಖೆನ್', ಮೆಣಸಿನ ಕೇಕು. ಅದರಲ್ಲಿ ಮೆಣಸು ಇರಲೇಬೇಕೆಂದಿಲ್ಲ. ದೂರದೇಶದಿಂದ ಬಂದ ಮಸಾಲೆಗೆಲ್ಲ ಅಂದು ಮೆಣಸು ಎಂದೇ ಕರೆಯುತ್ತಿದ್ದರು.

ದೂರದೇಶ ಎಂದರೆ ಯಾವುದು? ನಮ್ಮದೇ! 1505ರಲ್ಲಿ ಅಲ್ಮೈದಾನ ಪೋರ್ಚುಗೀಸ್ ನೌಕಾಪಡೆ ಹೊರಟಾಗ ಅದರಲ್ಲಿ ಫುಗ್ಗರ್, ವೆಲ್ಸರ್ ಮೊದಲಾದ ಜರ್ಮನ್ ವರ್ತಕರ ಬಂಡವಾಳವಿತ್ತು. ವೆಲ್ಸರರ ಕಡೆಯವನಾಗಿ ಬಾಲ್ತಾಸರ್ ಸ್ಪ್ರೆಂಗರ್ ಎಂಬವನು ಆ ಪಡೆಯ ಜೊತೆ ಬಂದ. ತನ್ನ ಪ್ರಯಾಣದ ಕಥೆಯನ್ನು 1509ರಲ್ಲಿ ಅಚ್ಚು ಹಾಕಿಸಿದ. ಆ ಪಡೆ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿತು, ಹೊನ್ನಾವರಕ್ಕೆ ಬೆಂಕಿ ಹಚ್ಚಿತು, ಆಮೇಲೆ ದಕ್ಷಿಣಕ್ಕೆ ಮೆಣಸಿಗೆ ಹೋಯಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ನಿಮಗೆ ಗೊತ್ತೇ ಇದೆ. ಘಟ್ಟದ ಮೇಲಿನ ನಮ್ಮ ಹಿರಿಯರು ಕೊಯ್ದ ಮೆಣಸು, ಏಲಕ್ಕಿಯ ಒಂದಿಷ್ಟಾದರೂ ಯಾವುದೋ ಜರ್ಮನ್ ಮಗುವಿನ ಕ್ರಿಸ್‌ಮಸ್ ತಿಂಡಿಯಲ್ಲಿ ಬಿದ್ದಿರಲೇಬೇಕು ಎಂದು ನಾನು ನಂಬಿಕೊಂಡಿದ್ದೇನೆ. ಹೊನ್ನಾವರದ ಬೆಂಕಿಯೂ ಅದರೊಳಗೆ ಸೇರಿದೆ ಎಂಬುದನ್ನು ಮರೆಯಲೂ ಮನಸ್ಸಿಲ್ಲ.

ಮನೆಮನೆಯಲ್ಲಿ ಚಿಕ್ಕ ಬಿಸ್ಕತ್ತು ಸುಡುವ ಪದ್ಧತಿ ಹಬ್ಬಿದ್ದು ಸಕ್ಕರೆ ಅಗ್ಗವಾದಮೇಲೆ. ಬೀಟ್ ಗೆಡ್ಡೆಯಲ್ಲಿ ಸಕ್ಕರೆಯಿದೆಯೆಂದು ಬರ್ಲಿನ್ನಿನ ಮಾರ್ಗ್‌ಗ್ರಾಫ್ 1747ರಲ್ಲಿ ತೋರಿಸಿದ. ಅದರ ಕಾರ್ಖಾನೆಗಳು ಮುಂದಿನ ಶತಮಾನದಲ್ಲಿ ಎದ್ದವು. 1891ರಲ್ಲಿ ಬೀಲೆಫೆಲ್ಡಿನಲ್ಲಿ ಔಷಧದಂಗಡಿ ಕೊಂಡ ಆಗಸ್ಟ್ ಎಟ್ಕರ್ ಅರ್ಧ ಕಿಲೋ ಹಿಟ್ಟಿಗೆ ಸರಿಯಾಗುವ ಅಳತೆಯ ಉಬ್ಬುಪುಡಿಯನ್ನು ಪುಟ್ಟ ಪೊಟ್ಟಣದಲ್ಲಿ ಕಟ್ಟಿ ಮಾರಿದ. ತೂಗುವ, ಹೆದರುವ ಕೆಲಸ ತಪ್ಪಿತು. ಒಲೆ ಮನೆಯೊಳಗೆ ಬಂತು, ಪುಡಿ ಕಪಾಟಿಗೆ ಬಂತು, ಇನ್ನು ಯಾರಿಗೂ ಯಾರ ಹಂಗೂ ಬೇಕಿರಲಿಲ್ಲ. ವಿಚಿತ್ರವೆಂದರೆ ಆಗಲೂ ಜನ ಒಟ್ಟಿಗೆ ಕೂತು ಮಾಡುವುದನ್ನು ಬಿಡಲಿಲ್ಲ. ಕಟ್ಟಿಗೆಗಾಗಿ ಸೇರುತ್ತಿದ್ದವರು ಕಟ್ಟಿಗೆ ಬೇಡವಾದಮೇಲೂ ಸೇರಿದರು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದೇ ಮುಖ್ಯ ಸಂಗತಿ.

ಕೆಳಮನೆಯ ಅಜ್ಜಿಯ ವಿಷಯ ಅರ್ಧಕ್ಕೇ ಬಿಟ್ಟೆ. ಅವರು ಡ್ರೆಸ್ಡನ್ ಕಡೆಯವರು. ಮದುವೆಯಾಗಿ ಪಶ್ಚಿಮಕ್ಕೆ ಬಂದಿದ್ದರು, ತಂಗಿ ಅಲ್ಲೇ ಉಳಿದಳು, 1961ರಲ್ಲಿ ಗೋಡೆ ಎದ್ದಿತು. ಅವರ ಚಿಕ್ಕಂದಿನಲ್ಲಿ ತಾಯಿ ಬೆಣ್ಣೆ, ದ್ರಾಕ್ಷಿ, ಬಾದಾಮಿ ಎಲ್ಲ ಅಳೆದು ರೊಟ್ಟಿಯಂಗಡಿಗೆ ಒಯ್ಯುತ್ತಿದ್ದರಂತೆ. ದ್ರಾಕ್ಷಿ ಬೇರೆಯವರ ಹಿಟ್ಟಿಗೆ ಹಾರಬಾರದೆಂದು ಅಲ್ಲೇ ಕಾವಲು ನಿಲ್ಲುತ್ತಿದ್ದರಂತೆ. ಯಾರ ರೊಟ್ಟಿ ಯಾವುದು ಎಂದು ಗುರುತಿಸಲು ಹೆಸರಿನ ಅಕ್ಷರ ಕೊರೆದ ಸಣ್ಣ ತಗಡಿನ ಬಿಲ್ಲೆಯನ್ನು ಹಿಟ್ಟಿಗೆ ಚುಚ್ಚುವುದು ಸ್ಯಾಕ್ಸನಿಯ ಪದ್ಧತಿ. ಸುಡುವಾಗ ಶ್ಟೊಲೆನ್ ಮುರಿದರೆ ಮನೆಗೆ ಕೇಡು ಎಂಬ ನಂಬಿಕೆಯೂ ಇತ್ತು.

ಪೂರ್ವದಲ್ಲಿ ಒಣದ್ರಾಕ್ಷಿ, ಬಾದಾಮಿ ಸುಲಭವಾಗಿ ಸಿಗುತ್ತಿರಲಿಲ್ಲ. ಸಕ್ಕರೆಯಲ್ಲಿ ಕುದಿಸಿದ ಕಿತ್ತಳೆ ಸಿಪ್ಪೆಯ ಬದಲು ಕ್ಯಾರೆಟ್ಟನ್ನು, ಕಾಯಿ ಟೊಮೇಟೊವನ್ನು ಪಾಕ ಹಾಕಿ ಮಾರುತ್ತಿದ್ದರು. ಅದಕ್ಕೇ ಪ್ರತಿ ಶರತ್ಕಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪಾರ್ಸೆಲ್ಲುಗಳು ಹೋಗುತ್ತಿದ್ದವು. ಮೇಲೆ 'ಉಡುಗೊರೆ, ವ್ಯಾಪಾರದ ಸರಕಲ್ಲ' ಎಂದು ಬರೆಯಲೇಬೇಕು. ಅಜ್ಜಿಯ ಪಾರ್ಸೆಲ್ಲಿಗೆ ನಾನೂ ಎಷ್ಟೋ ಬಾರಿ ದಾರ ಕಟ್ಟಿದ್ದೇನೆ. ಡಿಸೆಂಬರಿನಲ್ಲಿ ತಂಗಿಯಿಂದ ಶ್ಟೊಲೆನ್ ಬರುತ್ತಿತ್ತು, ಬಿಲ್ಲೆಯ ಗುರುತಿನೊಂದಿಗೆ. ಒಂದು ವರ್ಷ ಅಜ್ಜಿ ಕಾಗದದಲ್ಲಿ, ಈ ಬಾರಿ ದ್ರಾಕ್ಷಿ ಕಡಿಮೆ ಬಿದ್ದಂತಿದೆ ಎಂದು ತಮಾಷೆಗೆ ಬರೆದರು. ತಂಗಿಗೆ ತಮಾಷೆ ಎನಿಸಲಿಲ್ಲ. ಮರುವರ್ಷ ಶ್ಟೊಲೆನ್ ಬರಲಿಲ್ಲ. ಆಮೇಲೆ ಸರಿಹೋಯಿತೆನ್ನಿ. ಆದರೆ ಕೊಡುವವರ ಕೈ ಮೇಲಿರುತ್ತದೆ, ಪಡೆಯುವವರಿಗೆ ಅದು ಕಾಣುತ್ತಲೇ ಇರುತ್ತದೆ. ಊರಿಗೆ ಹೋಗುವಾಗ ಪೆಟ್ಟಿಗೆ ತುಂಬ ಚಾಕೊಲೇಟು, ಸೋಪು ತುಂಬುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1989ರ ನವೆಂಬರಿನಲ್ಲಿ ಗೋಡೆ ಬಿತ್ತು. ಮರುವರ್ಷ ಜುಲೈಯಲ್ಲಿ ಪೂರ್ವಕ್ಕೂ ಮಾರ್ಕ್ ಹಣ ಬಂತು. ಆ ಡಿಸೆಂಬರಿನಲ್ಲಿ ತಂಗಿ ರೈಲಿನಲ್ಲಿ ಶ್ಟೊಲೆನ್ನನ್ನು ಮಡಿಲಲ್ಲಿಟ್ಟುಕೊಂಡೇ ಬಂದರು. ಮೇಜಿನ ಮೇಲೆ ಇಟ್ಟು ಅಕ್ಕನಿಗೆ ಹೇಳಿದ ಮೊದಲ ಮಾತು, "ಈ ಸಲದ ದ್ರಾಕ್ಷಿ ನನ್ನದೇ." ಅಜ್ಜಿ ಒಂದು ತುಂಡು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿಯುತ್ತ ಕೂತರು. ಕೊನೆಗೆ, ಸ್ವಲ್ಪ ಜಾಸ್ತಿಯಾಯಿತು ಎಂದರು. ಇಬ್ಬರೂ ನಕ್ಕರು.

ಆ ತಗಡಿನ ಬಿಲ್ಲೆ ಈಗ ನಮ್ಮ ಮನೆಯಲ್ಲಿದೆ. ಅದರ ಅಕ್ಷರಗಳು ನಮ್ಮವಲ್ಲ, ಆದರೂ ಅದನ್ನೇ ಚುಚ್ಚುತ್ತೇವೆ. ಸಸ್ಯಾಹಾರಿ ಬಂಧುಗಳಿಗೆ ಒಂದು ಸಂತೋಷದ ಸುದ್ದಿ: ಸಾಂಪ್ರದಾಯಿಕ ಶ್ಟೊಲೆನ್ನಿಗೆ ಮೊಟ್ಟೆ ಬೇಡ. ದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸುವ ಬದಲು ನಾವು ಕಿತ್ತಳೆ ರಸ ಬಳಸುತ್ತೇವೆ, ಏಲಕ್ಕಿ ಮಾತ್ರ ಎರಡರಷ್ಟು. ಮಾಡಿದ ಮೇಲೆ ಎರಡು ಮೂರು ವಾರ ತಣ್ಣನೆಯ ಕೋಣೆಯಲ್ಲಿ ಮುಟ್ಟದೆ ಇಡಬೇಕು. ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಹಂತ ಇದೇ.

ಈ ವರ್ಷ ನವೆಂಬರ್ ಕೊನೆಯ ಶನಿವಾರ ಪಕ್ಕದ ಹಳ್ಳಿಯ ಭಟ್ಟಿಮನೆಯನ್ನು ನಮ್ಮ ಸಂಘಕ್ಕೆ ಇಡೀ ದಿನ ಬಿಟ್ಟುಕೊಡಲು ಅಲ್ಲಿಯವರು ಒಪ್ಪಿದ್ದಾರೆ. ಹಿಟ್ಟು, ಬೆಣ್ಣೆ ಸಂಘದ್ದು. ದ್ರಾಕ್ಷಿ, ಬಾದಾಮಿ ಅವರವರದು. ಕಟ್ಟಿಗೆಗೆ ಇನ್ನೂ ಇಬ್ಬರು ಬೇಕಾಗಿದ್ದಾರೆ. ಮೊದಲ ಸರದಿ ಯಾರಿಗೆಂಬುದನ್ನು ಬೆಳಿಗ್ಗೆ ಏಳಕ್ಕೆ ಭಟ್ಟಿಯ ಬಾಗಿಲಲ್ಲೇ ಚೀಟಿ ಎತ್ತಿ ತೀರ್ಮಾನಿಸುತ್ತೇವೆ.