ವಿನ್‌ಸ್ಟನ್ ಚರ್ಚಿಲ್ ಅವರ ಹವ್ಯಾಸಗಳು

ಸರ್ ವಿನ್‌ಸ್ಟನ್ ಚರ್ಚಿಲ್ (ನವೆಂಬರ್ ೩೦, ೧೮೭೪ – ಜನವರಿ ೨೪, ೧೯೬೫) ಬ್ರಿಟನ್ನಿನ ಸೇನಾಧಿಕಾರಿ, ಲೇಖಕ ಹಾಗೂ ಎರಡು ಬಾರಿ ಪ್ರಧಾನಮಂತ್ರಿಯಾಗಿದ್ದ ರಾಜಕಾರಣಿ. ತೊಂಬತ್ತು ವರ್ಷಗಳ ಜೀವಿತಾವಧಿಯಲ್ಲಿ ಅವರು ಪೋಲೋ, ಚಿಟ್ಟೆಗಳ ಸಂಗ್ರಹ, ತೋಟಗಾರಿಕೆ, ಚಿತ್ರಕಲೆ, ಗಾರೆ ಕೆಲಸ, ಪಂದ್ಯದ ಕುದುರೆಗಳ ಪಾಲನೆ ಮುಂತಾದ ಅನೇಕ ಹವ್ಯಾಸಗಳನ್ನು ರೂಢಿಸಿಕೊಂಡಿದ್ದರು. ದಣಿದ ಮನಸ್ಸಿಗೆ ಬೇಕಾದದ್ದು ಬರಿಯ ವಿಶ್ರಾಂತಿಯಲ್ಲ, ಬೇರೊಂದು ಬಗೆಯ ಕೆಲಸ ಎಂಬುದು ಅವರ ನಂಬಿಕೆಯಾಗಿತ್ತು.

ಬೆಂಗಳೂರಿನ ದಿನಗಳು

ಅಶ್ವದಳದ ಕಿರಿಯ ಅಧಿಕಾರಿಯಾಗಿ ಚರ್ಚಿಲ್ ೧೮೯೬ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದರು. ಮುಂಬಯಿಯಲ್ಲಿ ದೋಣಿಯಿಂದ ಇಳಿಯುವಾಗ ಅವರ ಬಲಭುಜಕ್ಕೆ ಪೆಟ್ಟಾಗಿತ್ತು. ಆ ತೊಂದರೆ ಜೀವನಪರ್ಯಂತ ಉಳಿದರೂ ಅವರು ಪೋಲೋ ಆಟವನ್ನು ಬಿಡಲಿಲ್ಲ. ಸಹೋದ್ಯೋಗಿಗಳೊಡನೆ ವಾಸವಾಗಿದ್ದ ಬಂಗಲೆಯ ತೋಟದಲ್ಲಿ ಗುಲಾಬಿ ಗಿಡಗಳಿದ್ದವು. ಅಲ್ಲಿ ಅವರು ಚಿಟ್ಟೆಗಳನ್ನು ಸಂಗ್ರಹಿಸತೊಡಗಿದರು. ಆದರೆ ಆ ಸಂಗ್ರಹವನ್ನು ಇಲಿಯೊಂದು ತಿಂದುಹಾಕಿತು. ವಿಶ್ವವಿದ್ಯಾಲಯದ ಶಿಕ್ಷಣ ಪಡೆಯದಿದ್ದ ಅವರು ತಾಯಿಯಿಂದ ಪುಸ್ತಕಗಳನ್ನು ತರಿಸಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಗಿಬ್ಬನ್, ಮೆಕಾಲೆ, ಪ್ಲೇಟೋ ಮೊದಲಾದವರ ಕೃತಿಗಳನ್ನು ಓದಿದರು. ಬೆಂಗಳೂರು ಕ್ಲಬ್ಬಿನ ಹಳೆಯ ದಾಖಲೆಯಲ್ಲಿ ಅವರ ಹೆಸರಿನಲ್ಲಿ ಹದಿಮೂರು ರೂಪಾಯಿ ಬಾಕಿ ಇಂದಿಗೂ ಉಳಿದಿದೆ.

ಚಿತ್ರಕಲೆ

ಮೊದಲನೆಯ ಮಹಾಯುದ್ಧದಲ್ಲಿ ನೌಕಾಖಾತೆಯ ಸಚಿವರಾಗಿದ್ದ ಚರ್ಚಿಲ್, ಡಾರ್ಡನೆಲ್ಸ್ ಕಾರ್ಯಾಚರಣೆಯ ವೈಫಲ್ಯದಿಂದ ೧೯೧೫ರಲ್ಲಿ ಆ ಸ್ಥಾನವನ್ನು ಕಳೆದುಕೊಂಡರು. ಸಾವಿರಾರು ಸೈನಿಕರ ಸಾವಿಗೆ ಕಾರಣರೆಂಬ ಆಪಾದನೆಯನ್ನು ಹೊತ್ತು ತೀವ್ರ ಖಿನ್ನತೆಯಲ್ಲಿದ್ದ ಅವರು, ಆ ಬೇಸಿಗೆಯಲ್ಲಿ ನಾದಿನಿಯೊಬ್ಬರು ಚಿತ್ರ ಬಿಡಿಸುತ್ತಿದ್ದುದನ್ನು ಕಂಡು ತಾವೂ ಕುಂಚ ಹಿಡಿದರು. ಆಗ ಅವರಿಗೆ ನಲವತ್ತು ವರ್ಷ. ಮರುವರ್ಷ ಬೆಲ್ಜಿಯಂನ ಯುದ್ಧರಂಗದಲ್ಲಿ ಪದಾತಿದಳದ ತುಕಡಿಯೊಂದನ್ನು ಮುನ್ನಡೆಸುತ್ತಿದ್ದಾಗಲೂ ಚಿತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಮುಂದೆ ಅವರು ಐನೂರಕ್ಕೂ ಹೆಚ್ಚು ಚಿತ್ರಗಳನ್ನು ರಚಿಸಿದರು. ೧೯೪೭ರಲ್ಲಿ ಡೇವಿಡ್ ವಿಂಟರ್ ಎಂಬ ಕಲ್ಪಿತ ಹೆಸರಿನಲ್ಲಿ ಕಳುಹಿಸಿದ ಎರಡು ಚಿತ್ರಗಳು ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಆಯ್ಕೆಯಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ರಚಿಸಿದ್ದು ಒಂದೇ ಚಿತ್ರ: ಮೊರಾಕೊ ದೇಶದ ಮರಕೇಶ್ ನಗರದ ಮಸೀದಿಯ ಗೋಪುರ. ಅದನ್ನು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಕಾಣಿಕೆಯಾಗಿ ನೀಡಿದರು.

ಚಾರ್ಟ್‌ವೆಲ್ ಮನೆ

೧೯೨೨ರಲ್ಲಿ ಚರ್ಚಿಲ್ ಕೆಂಟ್ ಪ್ರಾಂತ್ಯದ ಚಾರ್ಟ್‌ವೆಲ್ ಮನೆಯನ್ನು ಕೊಂಡರು. ತೋಟದ ಸುತ್ತಲಿನ ಇಟ್ಟಿಗೆ ಗೋಡೆಯ ಬಹುಭಾಗವನ್ನು ಸ್ವತಃ ಕಟ್ಟಿದರು. ೧೯೨೮ರಲ್ಲಿ ಕಟ್ಟಡ ಕಾರ್ಮಿಕರ ಸಂಘದ ಸದಸ್ಯತ್ವ ಪಡೆದಾಗ ಸಂಘದ ಹಲವರು ಅದನ್ನು ವಿರೋಧಿಸಿದರು. ಕೊಳಗಳಲ್ಲಿ ಮೀನುಗಳನ್ನೂ ಕಪ್ಪು ಹಂಸಗಳನ್ನೂ ಸಾಕಿದರು. ಬೆಂಗಳೂರಿನ ಕಾಲದ ಚಿಟ್ಟೆಗಳ ಆಸಕ್ತಿ ಎರಡನೆಯ ಮಹಾಯುದ್ಧದ ನಂತರ ಮತ್ತೆ ಚಿಗುರಿ, ಅವುಗಳನ್ನು ಬೆಳೆಸಿ ತೋಟಕ್ಕೆ ಬಿಡಲೆಂದೇ ಚಿಟ್ಟೆಮನೆಯೊಂದನ್ನು ಏರ್ಪಡಿಸಿದರು. ಎಪ್ಪತ್ತು ದಾಟಿದ ಮೇಲೆ ಪಂದ್ಯದ ಕುದುರೆಗಳ ಒಡೆಯರಾದರು.

ಕೊನೆಯ ವರ್ಷಗಳು ಮತ್ತು ಮೌಲ್ಯಮಾಪನ

೧೯೫೩ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ದೊರೆಯಿತು. ೧೯೫೫ರಲ್ಲಿ ಪ್ರಧಾನಮಂತ್ರಿ ಸ್ಥಾನದಿಂದ ನಿವೃತ್ತರಾದ ಬಳಿಕವೂ ಚಿತ್ರರಚನೆಯನ್ನು ಮುಂದುವರಿಸಿದರು. ಭಾರತದ ಸ್ವರಾಜ್ಯಕ್ಕೆ ಅವರು ತೋರಿದ ಕಟು ವಿರೋಧ ಹಾಗೂ ಲಕ್ಷಾಂತರ ಜನರು ಮಡಿದ ೧೯೪೩ರ ಬಂಗಾಳದ ಕ್ಷಾಮದ ಕಾಲದಲ್ಲಿ ಅವರ ಸರ್ಕಾರ ಅನುಸರಿಸಿದ ನೀತಿ ತೀವ್ರ ಟೀಕೆಗೆ ಗುರಿಯಾಗಿವೆ. ಅವರ ಹವ್ಯಾಸಗಳ ಕಥನ ಈ ಟೀಕೆಯನ್ನು ಅಳಿಸುವುದಿಲ್ಲ. ಆದರೆ ಸೋಲು, ಖಿನ್ನತೆ ಮತ್ತು ಮುಪ್ಪನ್ನು ಒಬ್ಬ ಮನುಷ್ಯ ಎದುರಿಸಿದ ಬಗೆಯನ್ನು ತಿಳಿಸುತ್ತದೆ. ಚಾರ್ಟ್‌ವೆಲ್ ಮನೆ ಮತ್ತು ಅವರ ಚಿತ್ರಶಾಲೆ ಈಗ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಡಳಿತದಲ್ಲಿದ್ದು, ಸಾರ್ವಜನಿಕರ ವೀಕ್ಷಣೆಗೆ ತೆರೆದಿವೆ.